ಬಾವಿಯ ನೀರೂ ಬ್ಲೇಸ್ ಪಾಸ್ಕಲನೂ

(ಅಂತಿಮ ಬಿ.ಎ. ವಿದ್ಯಾರ್ಥಿ)

ಇತಿಹಾಸವನ್ನೂ ಕನ್ನಡ ಸಾಹಿತ್ಯವನ್ನೂ ಓದುವ ವಿದ್ಯಾರ್ಥಿಯೊಬ್ಬನು ಭೌತವಿಜ್ಞಾನಿಯೊಬ್ಬನ ವಿಚಾರವಾಗಿ ಬರೆಯಹೊರಟಿರುವುದನ್ನು ಕಂಡು ವಿಜ್ಞಾನ ಕಾಲೇಜಿನ ಮಿತ್ರರು ನಗಬಹುದು. ನಗಲಿ. ಈ ಲೇಖನವನ್ನು ಬರೆಯುವುದಕ್ಕೆ ನನಗೆ ಒಂದು ಕಾರಣವಿದೆ. ಆ ಕಾರಣವು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿರುವ ನಮ್ಮ ತೋಟದ ಬಾವಿಯಲ್ಲಿದೆ. ಆದ್ದರಿಂದ ಮೊದಲು ಬಾವಿಯ ಕಥೆಯನ್ನು ಹೇಳಿ, ಅನಂತರ ಫ್ರಾನ್ಸಿಗೆ ಹೋಗುತ್ತೇನೆ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತು. ಬಾವಿಯ ಒಳಗೆ ಕಲ್ಲಿನ ಅಟ್ಟವೊಂದರ ಮೇಲೆ ಕೂರಿಸಿದ್ದ ಮೂರು ಅಶ್ವಶಕ್ತಿಯ ಮೋಟಾರು ಒಂದು ದಿನ ನೀರೆತ್ತುವುದನ್ನು ನಿಲ್ಲಿಸಿತು. ಮೋಟಾರು ತಿರುಗುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಹಾಗೆಂದು ಬಾವಿ ಬತ್ತಿರಲಿಲ್ಲ. ಅದೇ ಬಾವಿಯಿಂದ ಅವ್ವ ಹಗ್ಗ ಬಿಟ್ಟು ಕೊಡಗಟ್ಟಲೆ ನೀರು ಸೇದುತ್ತಿದ್ದಳು. ‘ಬಾವೀಲಿ ನೀರೈತೆ, ಮೋಟ್ರಿಗೆ ಮಾತ್ರ ಕಾಣಾಕಿಲ್ವಾ?’ ಎಂದು ಅಜ್ಜಿ ಗೊಣಗುತ್ತಿದ್ದಳು. ರಿಪೇರಿಯವರು ಬಂದು ಫುಟ್‌ವಾಲ್ವ್ ಬದಲಾಯಿಸಿದರು, ವಾಷರು ಬದಲಾಯಿಸಿದರು, ಕೊನೆಗೆ ಮೋಟಾರಿಗೆ ಶಕ್ತಿ ಸಾಲದೆಂದರು. ನಮ್ಮ ತಂದೆಯವರು ಸಾಲ ಮಾಡಿ ಐದು ಅಶ್ವಶಕ್ತಿಯ ಹೊಸ ಮೋಟಾರು ತಂದರು. ಹಳೆಯದನ್ನು ಗುಜರಿಗೆ ಹಾಕಿದರು. ಹೊಸದೂ ಜೋರಾಗಿ ಸದ್ದು ಮಾಡಿತೇ ಹೊರತು ಒಂದು ತೊಟ್ಟು ನೀರನ್ನೂ ಎತ್ತಲಿಲ್ಲ. ಅಷ್ಟು ಹೊತ್ತಿಗೆ ನಾಲ್ಕು ತೆಂಗಿನ ಮರಗಳ ಸುಳಿ ಒಣಗಿದ್ದಿತು.

ಕಡೆಗೆ ಅರಕಲಗೂಡು ಕಡೆಯಿಂದ ಬಾವಿ ತೋಡುವ ಮುದುಕನೊಬ್ಬನು ನಮ್ಮೂರಿಗೆ ಬಂದವನು ನಮ್ಮ ಬಾವಿಯನ್ನೂ ಇಣುಕಿ ನೋಡಿದನು. ಹಗ್ಗಕ್ಕೆ ಕಲ್ಲು ಕಟ್ಟಿ, ಅಟ್ಟದಿಂದ ನೀರಿನವರೆಗೆ ಇಳಿಬಿಟ್ಟು, ಮೇಲೆಳೆದು ಮೊಳ ಹಾಕಿದನು. ಇಪ್ಪತ್ತೆಂಟು ಅಡಿಯಷ್ಟಿತ್ತು. ‘ಯಜಮಾನ್ರೇ, ಮೋಟ್ರು ಸರಿಯಾಗೇ ಐತೆ. ಇನ್ನೆರಡಾಳು ಕೆಳಕ್ಕಿಳಿಸಿ’ ಎಂದನು. ಇಳಿಸಿದ ದಿನವೇ ನೀರು ಬಂದಿತು. ಏಕೆ ಬಂದಿತೆಂದು ಕೇಳಿದರೆ ಅವನು, ‘ಅಷ್ಟು ಆಳದಿಂದ ಅದು ಎಳಿಯಾಕಿಲ್ಲ, ಅಷ್ಟೆ’ ಎಂದು ಬೀಡಿ ಹಚ್ಚಿದನು. ಅದಕ್ಕಿಂತ ಹೆಚ್ಚಿನದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಕಳೆದ ವರ್ಷ ಆಧುನಿಕ ಯೂರೋಪಿನ ಇತಿಹಾಸದ ತರಗತಿಯಲ್ಲಿ ಹದಿನೇಳನೆಯ ಶತಮಾನದ ವೈಜ್ಞಾನಿಕ ಕ್ರಾಂತಿಯ ಪಾಠ ನಡೆಯುತ್ತಿದ್ದಾಗ ಬ್ಲೇಸ್ ಪಾಸ್ಕಲನ ಹೆಸರು ಒಂದು ಸಾಲಿನಲ್ಲಿ ಬಂದು ಹೋಯಿತು. ಗಾಳಿಗೆ ಭಾರವಿದೆಯೆಂದು ಬೆಟ್ಟವನ್ನೇರಿಸಿ ತೋರಿಸಿದವನು ಎಂದು ಅಧ್ಯಾಪಕರು ಹೇಳಿದರು. ಬೆಟ್ಟ ಏಕೆ ಎಂಬ ಕುತೂಹಲದಿಂದ ಗ್ರಂಥಾಲಯಕ್ಕೆ ಹೋದವನು, ನಮ್ಮ ಬಾವಿಯ ಸಮಸ್ಯೆಯನ್ನು ಅಲ್ಲಿ ಕಂಡೆನು.

ಬಾಲ್ಯ

ಪಾಸ್ಕಲನು 1623ನೆಯ ಇಸವಿ ಜೂನ್ 19ರಂದು ಮಧ್ಯ ಫ್ರಾನ್ಸಿನ ಕ್ಲೆರ್ಮಾನ್ ಎಂಬ ಊರಿನಲ್ಲಿ ಜನಿಸಿದನು. ಮೂರು ವರ್ಷದವನಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆ ಎತಿಯೆನ್ ಪಾಸ್ಕಲ್ ಕಂದಾಯ ನ್ಯಾಯಾಲಯದ ಅಧಿಕಾರಿ, ಗಣಿತಜ್ಞ. ಅವನು 1631ರಲ್ಲಿ ತನ್ನ ಮೂವರು ಮಕ್ಕಳನ್ನು ಕರೆದುಕೊಂಡು ಪ್ಯಾರಿಸಿಗೆ ಬಂದು, ಮಗನಿಗೆ ತಾನೇ ಗುರುವಾದನು. ಪಾಸ್ಕಲನು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವನಲ್ಲ. ಭಾಷೆಗಳು ಬರುವವರೆಗೆ ಗಣಿತ ಬೇಡವೆಂಬುದು ತಂದೆಯ ನಿಯಮವಾಗಿತ್ತು. ಆದರೆ ಹುಡುಗನು ಹನ್ನೆರಡನೆಯ ವಯಸ್ಸಿನಲ್ಲಿ ನೆಲದ ಮೇಲೆ ಇದ್ದಿಲಿನಿಂದ ಗೆರೆಗಳನ್ನೆಳೆದು, ತ್ರಿಕೋನದ ಮೂರು ಕೋನಗಳು ಸೇರಿದರೆ ಎರಡು ಲಂಬಕೋನಗಳಾಗುತ್ತವೆ ಎಂಬುದನ್ನು ತಾನೇ ಕಂಡುಕೊಳ್ಳುತ್ತಿದ್ದನೆಂದು ಅವನ ಅಕ್ಕ ಗಿಲ್ಬೆರ್ತ್ ಬರೆದಿಟ್ಟಿದ್ದಾಳೆ. ಅಂದಿನಿಂದ ತಂದೆಯ ನಿಷೇಧ ಮುಗಿಯಿತು. 1640ರಲ್ಲಿ, ಇನ್ನೂ ಹದಿನಾರು ವರ್ಷದವನಾಗಿದ್ದಾಗಲೇ, ಪಾಸ್ಕಲನು ಶಂಕುಚ್ಛೇದಗಳ ಮೇಲೆ ಚಿಕ್ಕ ಪ್ರಬಂಧವೊಂದನ್ನು ಅಚ್ಚು ಹಾಕಿಸಿದನು.

ಆ ಹೊತ್ತಿಗೆ ತಂದೆಗೆ ರುಆನ್ ನಗರದಲ್ಲಿ ತೆರಿಗೆಯ ಕೆಲಸವಾಗಿತ್ತು. ರಾತ್ರಿಯೆಲ್ಲ ಕುಳಿತು ಲೆಕ್ಕ ಕೂಡುತ್ತಿದ್ದ ತಂದೆಯ ಕಷ್ಟವನ್ನು ನೋಡಲಾರದೆ ಮಗನು 1642ರಲ್ಲಿ ಹಲ್ಲುಗಾಲಿಗಳುಳ್ಳ ಲೆಕ್ಕದ ಯಂತ್ರವೊಂದನ್ನು ಯೋಚಿಸಿದನು. ಒಂದು ಗಾಲಿ ಒಂಬತ್ತನ್ನು ದಾಟಿದೊಡನೆ ‘ದಶಕ’ವು ತಾನಾಗಿಯೇ ಮುಂದಿನ ಗಾಲಿಗೆ ಸೇರುವಂತೆ ಅದನ್ನು ರಚಿಸಿದ್ದನು. ಸುಮಾರು ಐವತ್ತು ಮಾದರಿಗಳನ್ನು ಮಾಡಿ ನೋಡಿದ ಮೇಲೆ ಅದು ಅವನ ಮನಸ್ಸಿಗೆ ಒಪ್ಪಿತು. ತಂದೆಯ ಕಷ್ಟವನ್ನು ಕಂಡು ಮರುಗುವುದು ಎಲ್ಲ ಮಕ್ಕಳಿಗೂ ಸಹಜ. ಪಾಸ್ಕಲನು ಮರುಗಿ ಸುಮ್ಮನಾಗದೆ ತನ್ನ ವಿದ್ಯೆಯನ್ನು ಅದರ ಪರಿಹಾರಕ್ಕೆ ಹಚ್ಚಿದನು. ಇದನ್ನು ಓದಿದಾಗ ನನಗೆ ನನ್ನ ವಿಚಾರವಾಗಿ ನಾಚಿಕೆಯಾಯಿತು. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಶೂನ್ಯದ ವಾದ

ಆ ಕಾಲದ ವಿದ್ವಾಂಸರು ‘ಪ್ರಕೃತಿಯು ಶೂನ್ಯವನ್ನು ಸಹಿಸದು’ ಎಂಬ ಸೂತ್ರವನ್ನು ನಂಬಿದ್ದರು. ಇದು ಗ್ರೀಕ್ ತತ್ತ್ವಜ್ಞಾನಿಯಾದ ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆ. ಪಂಪಿನ ಕೊಂತವನ್ನು ಮೇಲಕ್ಕೆಳೆದರೆ ನೀರು ಏಕೆ ಏರುತ್ತದೆ? ಕೆಳಗೆ ಖಾಲಿ ಜಾಗ ಉಂಟಾಗದಂತೆ ಪ್ರಕೃತಿಯು ನೀರನ್ನು ಅಲ್ಲಿಗೆ ತುಂಬುತ್ತದೆ, ಇದೇ ಉತ್ತರ. ಆದರೆ ಇಟಲಿಯ ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಅದರಲ್ಲಿ ಬರುವ ಪಾತ್ರವೊಂದು, ತನ್ನ ಪಂಪು ಕೆಟ್ಟಿದೆಯೆಂದು ಭಾವಿಸಿ ಕೆಲಸಗಾರನನ್ನು ಕರೆಸುತ್ತದೆ. ಅವನು ನೋಡಿ, ದೋಷ ಪಂಪಿನದಲ್ಲ, ನೀರು ಬಹಳ ಕೆಳಕ್ಕೆ ಹೋಗಿದೆ, ಒಂದು ಮಿತಿಗಿಂತ ಮೇಲೆ ಯಾವ ಪಂಪೂ ನೀರನ್ನು ಎಳೆಯಲಾರದು ಎಂದು ಹೇಳುತ್ತಾನೆ. ಇದನ್ನು ಓದಿದಾಗ ನನಗೆ ಅರಕಲಗೂಡಿನ ಆ ಮುದುಕನು ಎದುರಿಗೆ ನಿಂತಂತಾಯಿತು! ಕೆಲಸಗಾರನಿಗೆ ಮಿತಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಗೆಲಿಲಿಯೊನಂಥ ಮೇಧಾವಿಯೂ, ಉದ್ದವಾದ ಹಗ್ಗವು ತನ್ನ ಭಾರದಿಂದಲೇ ಹರಿಯುವಂತೆ ನೀರಿನ ಕಂಬವೂ ಹರಿದುಬೀಳುತ್ತದೆ ಎಂದು ಊಹಿಸಿದನು.

ಗೆಲಿಲಿಯೊನ ಶಿಷ್ಯ ಟಾರಿಸೆಲ್ಲಿ ನೀರಿನ ಬದಲು ಅದಕ್ಕಿಂತ ಹದಿಮೂರೂವರೆ ಪಟ್ಟು ಭಾರವಾದ ಪಾದರಸವನ್ನು ತೆಗೆದುಕೊಂಡನು. ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಗೆ ಅದನ್ನು ತುಂಬಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ, ಕೊಳವೆಯ ಪಾದರಸ ಇಳಿದು ಸುಮಾರು 76 ಸೆಂಟಿಮೀಟರಿನ ಎತ್ತರದಲ್ಲಿ ನಿಂತಿತು. ಬಟ್ಟಲನ್ನು ಹೊರಗಿನ ಗಾಳಿ ಒತ್ತುತ್ತಿದೆ, ಆ ಒತ್ತಡವೇ ಪಾದರಸವನ್ನು ಎತ್ತಿ ಹಿಡಿದಿದೆ ಎಂದು ಅವನು 1644ರಲ್ಲಿ ಪತ್ರ ಬರೆದನು. ಸುದ್ದಿ ಫ್ರಾನ್ಸಿಗೆ ಮುಟ್ಟಿತು. 1646ರಲ್ಲಿ ರುಆನ್‌ನಲ್ಲಿ ಪಾಸ್ಕಲನೂ ಅವನ ತಂದೆಯೂ ಪಿಯೆರ್ ಪೆತಿ ಎಂಬ ಮಿತ್ರನೊಡನೆ ಆ ಪ್ರಯೋಗವನ್ನು ಮಾಡಿ ನೋಡಿದರು.

ಆದರೆ ಕೊಳವೆಯ ಮೇಲ್ಭಾಗದಲ್ಲಿ ಉಳಿದ ಜಾಗದಲ್ಲಿ ಏನಿದೆ? ಏನೂ ಇಲ್ಲವೆನ್ನಲು ವಿದ್ವಾಂಸರು ಒಪ್ಪಲಿಲ್ಲ; ದ್ರವದಿಂದ ಹೊರಟ ಆವಿ ಅಲ್ಲಿ ತುಂಬಿಕೊಂಡು ದ್ರವವನ್ನು ಕೆಳಕ್ಕೆ ತಳ್ಳಿದೆ ಎಂದರು. ಪಾಸ್ಕಲನು ವಾದಕ್ಕೆ ವಾದ ಹೂಡಲಿಲ್ಲ. 46 ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ, ಹಡಗಿನ ಕೂವೆಮರಕ್ಕೆ ಕಟ್ಟಿ, ಜನರ ಎದುರಿಗೆ ಒಂದರಲ್ಲಿ ನೀರನ್ನೂ ಇನ್ನೊಂದರಲ್ಲಿ ದ್ರಾಕ್ಷಾಮದ್ಯವನ್ನೂ ತುಂಬಿಸಿದನು. ಮದ್ಯಕ್ಕೆ ಆವಿಯಾಗುವ ಗುಣ ಹೆಚ್ಚು. ವಿದ್ವಾಂಸರ ಮಾತು ನಿಜವಾದರೆ ಅದು ನೀರಿಗಿಂತ ಕೆಳಗೆ ನಿಲ್ಲಬೇಕು. ಕೇವಲ ಭಾರದ ಮಾತಾದರೆ, ನೀರಿಗಿಂತ ಹಗುರವಾದ ಮದ್ಯ ಮೇಲೆ ನಿಲ್ಲಬೇಕು. ಅದು ಮೇಲೆಯೇ ನಿಂತಿತು. 1647ರಲ್ಲಿ ಈ ಪ್ರಯೋಗಗಳನ್ನು ಅವನು ಸಣ್ಣ ಪುಸ್ತಕವಾಗಿ ಪ್ರಕಟಿಸಿದನು. ಪಾದ್ರಿ ನೋಯೆಲ್ ಎಂಬ ವಿದ್ವಾಂಸನು ಅದನ್ನು ವಿರೋಧಿಸಿ ಬರೆದನು. ಪ್ರಸಿದ್ಧ ತತ್ತ್ವಜ್ಞಾನಿ ಡೇಕಾರ್ಟನಂತೂ, ಈ ತರುಣನ ತಲೆಯಲ್ಲೇ ಶೂನ್ಯ ಹೆಚ್ಚಾಗಿದೆಯೆಂದು ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಹಾಸ್ಯ ಮಾಡಿದನು.

ಬೆಟ್ಟದ ಮೇಲಣ ಪ್ರಯೋಗ

ಪಾಸ್ಕಲನ ಮುಂದಿನ ತರ್ಕ ಬಹಳ ಸರಳವಾದುದು. ನಾವು ಗಾಳಿಯ ಸಮುದ್ರದ ತಳದಲ್ಲಿ ವಾಸಿಸುವವರು. ಬೆಟ್ಟವನ್ನೇರಿದರೆ ನಮ್ಮ ಮೇಲಿರುವ ಗಾಳಿ ಅಷ್ಟರ ಮಟ್ಟಿಗೆ ಕಡಮೆಯಾಗುತ್ತದೆ. ಪಾದರಸವನ್ನು ಎತ್ತಿ ಹಿಡಿದಿರುವುದು ಗಾಳಿಯ ಭಾರವೇ ಆದಲ್ಲಿ ಬೆಟ್ಟದ ತುದಿಯಲ್ಲಿ ಪಾದರಸ ಇಳಿಯಬೇಕು. ಶೂನ್ಯವನ್ನು ಕಂಡರೆ ಪ್ರಕೃತಿಗೆ ಇರುವ ಭಯವೇ ಕಾರಣವಾದಲ್ಲಿ ಇಳಿಯಬಾರದು. ಪ್ರಕೃತಿಯು ಬೆಟ್ಟದ ಬುಡದಲ್ಲಿ ಹೆಚ್ಚು ಹೆದರಿ ತುದಿಯಲ್ಲಿ ಕಡಮೆ ಹೆದರುವುದೆಂದು ಯಾರೂ ಹೇಳಲಾರರಷ್ಟೆ!

ಪ್ಯಾರಿಸಿನ ಹತ್ತಿರ ಅಷ್ಟು ಎತ್ತರದ ಬೆಟ್ಟವಿಲ್ಲ. ಪಾಸ್ಕಲನ ಆರೋಗ್ಯವೂ ಚೆನ್ನಾಗಿರಲಿಲ್ಲ. ಅವನ ಹುಟ್ಟೂರಾದ ಕ್ಲೆರ್ಮಾನ್‌ನ ಪಕ್ಕದಲ್ಲಿ ಪ್ಯುಯಿ ದ ದೋಮ್ ಎಂಬ ಪರ್ವತವಿದೆ. ಅಲ್ಲಿದ್ದ ಅಕ್ಕನ ಗಂಡ ಫ್ಲೋರೆನ್ ಪೆರಿಯೆಗೆ 1647ರ ನವೆಂಬರಿನಲ್ಲಿ ಅವನು ಪತ್ರ ಬರೆದು ಬೇಡಿಕೊಂಡನು. ಹವೆ ಅನುಕೂಲಿಸಿ ಪ್ರಯೋಗ ನಡೆದದ್ದು 1648ರ ಸೆಪ್ಟೆಂಬರ್ 19ರಂದು. ಪೆರಿಯೆ ಊರಿನ ಗಣ್ಯರನ್ನೂ ಪಾದ್ರಿಗಳನ್ನೂ ಸಾಕ್ಷಿಗಳನ್ನಾಗಿ ಕರೆದೊಯ್ದನು. ಬುಡದಲ್ಲಿದ್ದ ಮಠದ ತೋಟದಲ್ಲಿ ಎರಡು ಕೊಳವೆಗಳನ್ನು ನಿಲ್ಲಿಸಿ ನೋಡಿದರು: ಎರಡರಲ್ಲಿಯೂ ಫ್ರೆಂಚ್ ಅಳತೆಯಲ್ಲಿ 26 ಅಂಗುಲ ಮೂರೂವರೆ ಗೆರೆ. ಒಂದು ಅಂಗುಲಕ್ಕೆ 12 ಗೆರೆಗಳಾದ್ದರಿಂದ ಇದು ಇಂದಿನ ಸುಮಾರು 711 ಮಿಲಿಮೀಟರಿಗೆ ಸಮ. ಒಂದು ಕೊಳವೆಯನ್ನು ಅಲ್ಲಿಯೇ ಬಿಟ್ಟು, ದಿನವೆಲ್ಲ ಅದನ್ನು ನೋಡುತ್ತಿರುವಂತೆ ಪಾದ್ರಿಯೊಬ್ಬನನ್ನು ಕೂರಿಸಿದರು. ಇನ್ನೊಂದನ್ನು ಹೊತ್ತು ಬೆಟ್ಟ ಹತ್ತಿದರು. ತುದಿಯಲ್ಲಿ ಪಾದರಸವು 23 ಅಂಗುಲ 2 ಗೆರೆಗೆ, ಎಂದರೆ ಸುಮಾರು 627 ಮಿಲಿಮೀಟರಿಗೆ ಇಳಿದಿತ್ತು! ನಂಬಲಾರದೆ ಬಯಲಿನಲ್ಲಿ, ಮರೆಯಲ್ಲಿ, ಗಾಳಿಯಲ್ಲಿ, ಮಂಜಿನಲ್ಲಿ ಐದು ಸಲ ಅಳೆದರು. ಅದೇ ಅಂಕಿ ಬಂದಿತು. ಕೆಳಗಿಳಿದು ನೋಡಿದರೆ ಮಠದ ಕೊಳವೆ ಬೆಳಗಿನಿಂದ ಕದಲಿರಲಿಲ್ಲ.

ಆ ಕೆಳಗಿನ ಕೊಳವೆಯೇ ಈ ಪ್ರಯೋಗದ ಜೀವಾಳವೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಅದಿಲ್ಲದಿದ್ದರೆ, ಹೊತ್ತೇರಿದಂತೆ ಹವೆ ಬದಲಾಗಿ ಪಾದರಸ ಇಳಿಯಿತೆಂದು ಯಾರಾದರೂ ಹೇಳಿಬಿಡಬಹುದಾಗಿತ್ತು. ಎದುರಾಳಿಯು ಹೇಳಬಹುದಾದ ಮಾತನ್ನು ಮೊದಲೇ ಯೋಚಿಸಿ ಅದಕ್ಕೆ ಅವಕಾಶವಿಲ್ಲದಂತೆ ಮಾಡುವುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೂ ಬೇಕಾದ ಗುಣವಲ್ಲವೆ? ತರುವಾಯ ಪಾಸ್ಕಲನು ಪ್ಯಾರಿಸಿನ ಸೇಂಟ್ ಜಾಕ್ ಗೋಪುರವನ್ನೇರಿಯೂ ಪರೀಕ್ಷಿಸಿದನು. ಬೆಟ್ಟದ ಪ್ರಯೋಗದ ಸೂಚನೆ ತನ್ನದೆಂದು ಡೇಕಾರ್ಟನು ಹೇಳಿಕೊಂಡನು. ಆ ವ್ಯಾಜ್ಯ ನಮಗೆ ಬೇಡ.

ನಮ್ಮ ಸೀಮೆಯಲ್ಲಿಯೂ ಈ ಪ್ರಯೋಗಕ್ಕೆ ತಕ್ಕ ಸ್ಥಳವುಂಟು. ಹಾಸನವು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದಲ್ಲಿದೆ. ಇಲ್ಲಿ ಪಾದರಸ ನಿಲ್ಲುವುದು 760 ಮಿಲಿಮೀಟರಿನಲ್ಲಲ್ಲ, 680ರ ಆಸುಪಾಸಿನಲ್ಲಿ. ನೆರೆಯ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ 1930 ಮೀಟರು. ಹಾಸನದಿಂದ ಅಲ್ಲಿಗೆ ಏರುವ ಎತ್ತರವು ಪೆರಿಯೆ ಏರಿದ ಎತ್ತರಕ್ಕೆ ಹೆಚ್ಚುಕಡಮೆ ಸಮ.

ನೀರಿನ ನಿಯಮ

ಗಾಳಿಯಿಂದ ಪಾಸ್ಕಲನ ಗಮನ ದ್ರವಗಳತ್ತ ಹರಿಯಿತು. ಇದರ ವಿಷಯವಾಗಿ ಅವನು ಬರೆದ ಎರಡು ಪ್ರಬಂಧಗಳು ಅವನು ಸತ್ತ ಮರುವರ್ಷ, 1663ರಲ್ಲಿ, ಅಚ್ಚಾದವು. ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಕುಂದದೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದು ಅವನ ಹೆಸರಿನ ನಿಯಮ. ನೀರು ತುಂಬಿದ ಪಾತ್ರೆಗೆ ಎರಡು ಬಾಯಿಗಳಿದ್ದು, ಒಂದು ಇನ್ನೊಂದರ ನೂರರಷ್ಟು ಅಗಲವಾಗಿದ್ದರೆ, ಚಿಕ್ಕ ಬಾಯಿಯನ್ನು ಒತ್ತುವ ಒಬ್ಬ ಮನುಷ್ಯನು ದೊಡ್ಡದನ್ನು ಒತ್ತುವ ನೂರು ಜನರಿಗೆ ಸಮನಾಗುತ್ತಾನೆಂದು ಅವನು ಬರೆದನು. ಆದರೆ ಲಾಭ ಪುಕ್ಕಟೆಯಲ್ಲ: ಚಿಕ್ಕ ಬಾಯಿಯನ್ನು ನೂರು ಅಂಗುಲ ತಳ್ಳಿದರೆ ದೊಡ್ಡದು ಏರುವುದು ಒಂದೇ ಅಂಗುಲ. ಅರಕಲಗೂಡಿನ ರಸ್ತೆಯ ಬದಿಯಲ್ಲಿ ಪಂಕ್ಚರ್ ಅಂಗಡಿಯ ಸಣಕಲು ಹುಡುಗನು ಜಾಕಿನ ಸರಳನ್ನು ಮತ್ತೆ ಮತ್ತೆ ಒತ್ತಿ, ಆಲೂಗೆಡ್ಡೆ ತುಂಬಿದ ಲಾರಿಯನ್ನು ಕೂದಲೆಳೆಯಷ್ಟಾಗಿ ಮೇಲೆತ್ತುವುದನ್ನು ನೀವು ನೋಡಿರಬಹುದು. ಅವನ ಕೈಯಲ್ಲಿರುವುದು ಪಾಸ್ಕಲನ ನೂರು ಜನರ ಬಲ.

ಹೊಳೆನರಸೀಪುರದಲ್ಲಿ ಗಾರೆ ಕೆಲಸ ಮಾಡುವ ನನ್ನ ಸೋದರಮಾವನು ಗೋಡೆಯ ಮಟ್ಟ ನೋಡುವುದು ನೀರು ತುಂಬಿದ ಪಾರದರ್ಶಕ ಪೈಪಿನಿಂದ. ಪೈಪು ಎಷ್ಟು ಸುತ್ತಿಕೊಂಡಿದ್ದರೂ ಎರಡು ತುದಿಗಳಲ್ಲಿಯೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ದ್ರವದ ಒತ್ತಡವು ಅದರ ಆಳವನ್ನು ಅವಲಂಬಿಸಿದೆಯೇ ಹೊರತು ಪಾತ್ರೆಯ ಅಗಲವನ್ನಾಗಲಿ ಆಕಾರವನ್ನಾಗಲಿ ಅಲ್ಲ. ಇದನ್ನು ಸೈಮನ್ ಸ್ಟೀವಿನ್ ಎಂಬಾತನು 1586ರಲ್ಲಿಯೇ ತೋರಿಸಿದ್ದನು. ಪಾಸ್ಕಲನು ಅದನ್ನು ಗಾಳಿಯ ಭಾರದೊಡನೆ ಸೇರಿಸಿ ಒಂದೇ ಶಾಸ್ತ್ರವನ್ನಾಗಿ ಮಾಡಿದನು.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಉದಾಹರಣೆ ಗೊರೂರು. ಹೇಮಾವತಿಗೆ ಅಡ್ಡಲಾಗಿ ಅಲ್ಲಿ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ರೋಸರಿ ಇಗರ್ಜಿಯು ಮಳೆಗಾಲದಲ್ಲಿ ಮುಳುಗಿ, ಬೇಸಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. 1860ರ ದಶಕದಲ್ಲಿ ಅದನ್ನು ಕಟ್ಟಿಸಿದವರೂ ಪಾಸ್ಕಲನ ದೇಶದವರೇ ಆದ ಫ್ರೆಂಚ್ ಪಾದ್ರಿಗಳು. ಅಲ್ಲಿ ನಿಂತು ನೋಡಿದರೆ ನೀರು ಕಣ್ಣು ಹರಿಯುವಷ್ಟು ದೂರ ಹಬ್ಬಿದೆ. ಅಷ್ಟು ನೀರೆಲ್ಲ ಕಟ್ಟೆಯನ್ನು ನೂಕುತ್ತಿದೆಯೆಂದು ಎದೆ ನಡುಗುತ್ತದೆ. ಆದರೆ ಕಟ್ಟೆಯ ಒಂದು ಕಲ್ಲಿನ ಮೇಲೆ ಬೀಳುವ ಒತ್ತಡವು ನೀರಿನ ಹರವಿಗೆ ಸಂಬಂಧಿಸಿದ್ದಲ್ಲ. ಆ ಕಲ್ಲು ಎಷ್ಟು ಆಳದಲ್ಲಿದೆ ಎಂಬುದೊಂದೇ ಮುಖ್ಯ. ಪ್ರತಿ ಹತ್ತು ಮೀಟರ್ ಆಳಕ್ಕೆ ಚದರ ಮೀಟರಿಗೆ ಹತ್ತು ಟನ್ನಿನಂತೆ ಒತ್ತಡ ಏರುತ್ತದೆ. ಅಣೆಕಟ್ಟೆಗಳ ಬುಡವನ್ನು ಅಗಲವಾಗಿ ಕಟ್ಟುವುದಕ್ಕೆ ಇದೂ ಒಂದು ಕಾರಣ.

ಕೊನೆಯ ವರ್ಷಗಳು

1654ರಲ್ಲಿ ಪಾಸ್ಕಲನು ಗಣಿತಜ್ಞ ಫರ್ಮಾನೊಡನೆ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಗಣಿತ ಹುಟ್ಟಿತು. ಅದೇ ವರ್ಷ ನವೆಂಬರ್ 23ರ ರಾತ್ರಿ ಅವನಿಗೆ ತೀವ್ರವಾದ ಧಾರ್ಮಿಕ ಅನುಭವವಾಗಿ, ಬಾಳಿನ ದಿಕ್ಕು ಬದಲಾಯಿತು. ಅನಂತರ ಬರೆದ ಅವನ ಗದ್ಯವನ್ನು ಫ್ರೆಂಚ್ ಸಾಹಿತ್ಯದ ಶ್ರೇಷ್ಠ ಕೃತಿಗಳಲ್ಲಿ ಎಣಿಸುತ್ತಾರೆ. ನಾನು ದಿನವೂ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವವನಾದ್ದರಿಂದ ಒಂದು ಸಂಗತಿ ವಿಶೇಷವಾಗಿ ಹಿಡಿಸಿತು: 1662ರ ಮಾರ್ಚಿಯಲ್ಲಿ ಪ್ಯಾರಿಸಿನಲ್ಲಿ ಗೊತ್ತಾದ ಮಾರ್ಗದಲ್ಲಿ, ಗೊತ್ತಾದ ದರಕ್ಕೆ ಜನರನ್ನು ಒಯ್ಯುವ ಕುದುರೆಗಾಡಿಗಳ ಏರ್ಪಾಡು ಆರಂಭವಾದದ್ದು ಪಾಸ್ಕಲನ ಯೋಚನೆಯಿಂದ. ಅದೇ ವರ್ಷ ಆಗಸ್ಟ್ 19ರಂದು ಅವನು ಅಕ್ಕನ ಮನೆಯಲ್ಲಿ ತೀರಿಕೊಂಡನು. ವಯಸ್ಸು ಮೂವತ್ತೊಂಬತ್ತು. 1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ‘ಪಾಸ್ಕಲ್’ ಎಂದು ಹೆಸರಿಟ್ಟರು.

ಮತ್ತೆ ಬಾವಿಯ ಬಳಿಗೆ

ಇನ್ನು ನಮ್ಮ ಬಾವಿ. ಮೋಟಾರು ನೀರನ್ನು ಎಳೆಯುವುದೇ ಇಲ್ಲ. ಅದು ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ಕಡಮೆ ಮಾಡುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಕುಳಿತ ಹೊರಗಿನ ಗಾಳಿಯು ನೀರನ್ನು ಮೇಲಕ್ಕೆ ನೂಕುತ್ತದೆ. ಆ ಗಾಳಿಯ ಶಕ್ತಿ ಸಮುದ್ರತೀರದಲ್ಲಿ 34 ಅಡಿ ನೀರಿನ ಕಂಬಕ್ಕೆ ಸಾಕು. ಎತ್ತರದ ನಮ್ಮ ಸೀಮೆಯಲ್ಲಿ 30 ಅಡಿಗೆ ಮಾತ್ರ. ಕೊಳವೆಯ ಘರ್ಷಣೆ, ಫುಟ್‌ವಾಲ್ವಿನ ತಡೆ ಇವುಗಳನ್ನೆಲ್ಲ ಕಳೆದರೆ ಇಪ್ಪತ್ತು ಇಪ್ಪತ್ತೆರಡು ಅಡಿ ಉಳಿದರೆ ಹೆಚ್ಚು. ನಮ್ಮ ನೀರು 28 ಅಡಿಗೆ ಇಳಿದಿತ್ತು. ಮೂರು ಅಶ್ವಶಕ್ತಿಯಲ್ಲ, ಮೂವತ್ತು ಅಶ್ವಶಕ್ತಿಯ ಮೋಟಾರನ್ನು ಆ ಅಟ್ಟದ ಮೇಲೆ ಕೂರಿಸಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ನೀರನ್ನು ಎತ್ತಬೇಕಾದ ಗಾಳಿ ಮೋಟಾರಿನದಲ್ಲ. ಅದನ್ನು ಅಂಗಡಿಯಿಂದ ಕೊಂಡು ತರಲಾಗುವುದಿಲ್ಲ. ಎರಡಾಳು ಇಳಿಸಿದಾಗ ಅಂತರವು ಹದಿನಾರು ಹದಿನೇಳು ಅಡಿಯಾಗಿ ನೀರು ಬಂದಿತು. ಅವ್ವನ ಕೊಡಕ್ಕೆ ಈ ಮಿತಿ ಇಲ್ಲದಿದ್ದುದು, ಅವಳು ತನ್ನ ರಟ್ಟೆಯಿಂದಲೇ ಎಳೆಯುತ್ತಿದ್ದುದರಿಂದ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಬಾವಿಯ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ತಂದೆಯವರಿಗೆ ಹೇಳಿದೆನು. ಎಳನೀರಿಗೆ ಹಾಕಿದ ಹುಲ್ಲಿನ ಕೊಳವೆಯ ಉದಾಹರಣೆ ಕೊಟ್ಟೆನು. ಅವರು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಹಂಗಾದ್ರೆ ಗುಜರಿಗೆ ಹಾಕಿದ್ ಮೋಟ್ರು ಚೆನ್ನಾಗೇ ಇತ್ತು ಅನ್ನು.’

‘ಹೌದಪ್ಪ.’

‘ಈ ಗಾಳಿ ಪಾಠ ನಿಂಗೆ ಹೈಸ್ಕೂಲಲ್ಲಿ ಬಂದಿರ್ಲಿಲ್ವಾ?’

ಬಂದಿತ್ತು. ವಾಯುಭಾರಮಾಪಕದ ಚಿತ್ರವನ್ನು ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕಗಳನ್ನು ಪಡೆದಿದ್ದೆನು. ಆ ಚಿತ್ರದಲ್ಲಿ ನಮ್ಮ ಬಾವಿ ಇದೆಯೆಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಪುಸ್ತಕ ಹಿಡಿದವರಲ್ಲಿ ನಾನೇ ಮೊದಲನೆಯವನು. ಮೋಟಾರಿನ ಸಾಲ ತೀರುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಆ ಪಾಠವನ್ನು ನಾನು ಬಾಯಿಪಾಠ ಮಾಡುತ್ತಿದ್ದ ವರ್ಷದಲ್ಲಿಯೂ ಅಪ್ಪ ಕಂತು ಕಟ್ಟುತ್ತಿದ್ದರು. ಅವರ ಪ್ರಶ್ನೆಗೆ ಅಂದು ನಾನು ಉತ್ತರ ಹೇಳಲಿಲ್ಲ.

ಮಿತ್ರರೆ, ಬರುವ ಏಪ್ರಿಲಿನಲ್ಲಿ ನಾವು ಪದವೀಧರರಾಗುವೆವು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಬಾವಿಯೋ, ಪಂಪೋ, ನೀರೆತ್ತದ ಮೋಟಾರೋ ಇದ್ದೇ ಇದೆ. ಬಾವಿ ತೋಡುವ ಮುದುಕನು ಅನುಭವದಿಂದ ಮಿತಿಯನ್ನು ಬಲ್ಲನು; ಪಾಸ್ಕಲನು ಪ್ರಯೋಗದಿಂದ ಕಾರಣವನ್ನು ಬಲ್ಲನು. ಇಬ್ಬರ ನಡುವೆ ನಿಂತಿರುವವರು ನಾವು. ರಜೆಯಲ್ಲಿ ಊರಿಗೆ ಹೋದಾಗ ಒಂದು ಹಗ್ಗಕ್ಕೆ ಕಲ್ಲು ಕಟ್ಟಿ, ಮೋಟಾರಿನಿಂದ ನೀರಿನವರೆಗೆ ಅಳೆದು ನೋಡಿರಿ. ಇಪ್ಪತ್ತು ಅಡಿಯನ್ನು ಮೀರಿದ್ದರೆ, ಹೊಸ ಮೋಟಾರಿಗೆ ಸಾಲ ಮಾಡುವುದಕ್ಕೆ ಮುಂಚೆ ಹಳೆಯದನ್ನು ಕೆಳಗಿಳಿಸಲು ನಿಮ್ಮ ತಂದೆಯವರಿಗೆ ಹೇಳಿರಿ. ನಾನು ಹೇಳುವುದು ತಡವಾಯಿತು.